ಹೋಸಿಯಾನ ದನಿಗೆ ಮಾಲೀಕರು ಯಾರು ಎಂದು ಕೇಳಿದವರಿಗೆ

ಮಬ್ರಿ ಗ್ರಂಥಾಲಯದ ಹೊಸ ಆಡಳಿತಾಧಿಕಾರಿಗಳಿಗೆ,
ಹಾರ್ಲೆಮ್

ಮಾನ್ಯರೇ,

ಬರುವ ಸೋಮವಾರ ನಿಮ್ಮ ಲಾರಿ ಬಂದು ನನ್ನ ಸೋದರಮಾವನ ದನಿಯನ್ನು ಒಯ್ಯಲಿದೆ. ದಯವಿಟ್ಟು ಒಯ್ಯಬೇಡಿ. ವಿಷಯ ಇಷ್ಟೇ. ನಿಮಗೆ ಪುರಸೊತ್ತಿಲ್ಲದಿದ್ದರೆ ಇಲ್ಲಿಗೇ ಓದು ನಿಲ್ಲಿಸಿ, ಫೋನೆತ್ತಿ, ಆ ಲಾರಿಗೆ ಬರಬೇಡವೆಂದು ಹೇಳಿಬಿಡಿ. ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಬಹುದು.

ಪುರಸೊತ್ತಿದ್ದರೆ ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಭಯವಾಗಿದೆ. ಬಹಿರಂಗ ಪತ್ರ ಬರೆಯುವವರು ಹಾಗೆ ಹೇಳಬಾರದಂತೆ. ಉಗ್ರವಾಗಿ ಖಂಡಿಸುತ್ತೇನೆ ಅಂತ ಶುರು ಮಾಡಬೇಕಂತೆ. ಖಂಡಿಸುವಷ್ಟು ಉಸಿರು ನನ್ನಲ್ಲಿ ಉಳಿದಿಲ್ಲ. ನಾನು ಅರ್ಧ ಆಯುಸ್ಸು ಈ ಊರಿನ ಬಸ್ಸು ಓಡಿಸಿದವಳು. ಕುಡಿದು ಬಂದವರನ್ನು, ಚಾಕು ತೋರಿಸಿದವರನ್ನು, ಚಿಲ್ಲರೆಗೆ ಜಗಳ ತೆಗೆದವರನ್ನು "ಇಳಿಯಪ್ಪಾ ಕೆಳಗೆ" ಅಂತ ಇಳಿಸಿದ್ದೇನೆ. ಆಗೆಲ್ಲ ಹೀಗೆ ಹೆದರಿರಲಿಲ್ಲ. ನಿಮ್ಮ ಕಚೇರಿಯ ಬಿಳಿ ಲಕೋಟೆ ಬಾಗಿಲ ಸಂದಿಯಿಂದ ಒಳಗೆ ಬಿದ್ದ ದಿನದಿಂದ ಅಂಚೆಯವನ ಹೆಜ್ಜೆ ಕೇಳಿದರೂ ಎದ್ದು ಕೂರುತ್ತೇನೆ.

ನೀವು ತುಂಬ ಮರ್ಯಾದಸ್ಥರು. ಮೊದಲು ಅದನ್ನು ಒಪ್ಪಿಕೊಳ್ಳಬೇಕು. ನಿಮ್ಮ ಕಾಗದದಲ್ಲಿ ಒಂದು ಒರಟು ಮಾತಿಲ್ಲ. 'ಗೌರವಾನ್ವಿತ ಓದುಗರೇ' ಎಂದಿದ್ದೀರಿ. 'ಈ ಅಮೂಲ್ಯ ಪರಂಪರೆಯ ಹಿತದೃಷ್ಟಿಯಿಂದ' ಎಂದಿದ್ದೀರಿ. ಮಳೆಗೆ ಮಾಡು ಸೋರುತ್ತಿದೆ, ಕಟ್ಟಡ ದುರಸ್ತಿಯಾಗಬೇಕು, ಅಷ್ಟರಲ್ಲಿ ಯಾವ ವಸ್ತು ಯಾರದು ಎಂಬುದು ಕಾನೂನಿನ ಪ್ರಕಾರ ಸ್ಪಷ್ಟವಾಗಬೇಕು, ದಾನಪತ್ರ ಇಲ್ಲದ ವಸ್ತುಗಳನ್ನೆಲ್ಲ ನದಿಯಾಚೆ, ಬೇರೆ ರಾಜ್ಯದಲ್ಲಿರುವ 'ಸುಭದ್ರ ಉಗ್ರಾಣ'ಕ್ಕೆ 'ತಾತ್ಕಾಲಿಕವಾಗಿ' ಸಾಗಿಸಲಾಗುವುದು ಎಂದಿದ್ದೀರಿ. ಮಾಡು ಸೋರುವುದು ನಿಜ. ಬಕೆಟ್ಟು ಇಟ್ಟವರಲ್ಲಿ ನಾನೂ ಒಬ್ಬಳು. ಆದರೆ ನೀರು ಬೀಳುವುದು ಎಲ್ಲದರ ಮೇಲೂ ಬೀಳುತ್ತದೆ. ದಾನಪತ್ರ ಇದ್ದ ಪೆಟ್ಟಿಗೆಯನ್ನು ಬಿಟ್ಟು, ಇಲ್ಲದ ಪೆಟ್ಟಿಗೆಯನ್ನೇ ಹುಡುಕಿಕೊಂಡು ಬಂದು ಬೀಳುವ ಮಳೆಯನ್ನು ನಾನು ಇದುವರೆಗೆ ನೋಡಿಲ್ಲ. ತಾವು ನೋಡಿದ್ದೀರಾ?

ನಿಮ್ಮವರು ಬಂದು ಕೆಂಪು ಚೀಟಿ ಅಂಟಿಸಿ ಹೋದರು. ಕೆಂಪು ಚೀಟಿ ಎಂದರೆ ಕಾಗದವಿಲ್ಲ ಎಂದರ್ಥ, ಕಾಗದವಿಲ್ಲ ಎಂದರೆ ಲಾರಿ ಎಂದರ್ಥ. ನಾನು ಹೋಗಿ ನೋಡಿದಾಗ ಕಪಾಟುಗಳಿಗೆ ದಡಾರ ಎದ್ದಂತಿತ್ತು. ನಿಮ್ಮ ಜನ ಗಾಬರಿಯಾದರಂತೆ. "ಇಷ್ಟು ದೊಡ್ಡ ಸಂಶೋಧನಾ ಗ್ರಂಥಾಲಯ, ಪ್ರಪಂಚದ ಮೂಲೆಮೂಲೆಯಿಂದ ಪಂಡಿತರು ಬಂದು ಓದ್ತಾರೆ, ಅರ್ಧಕ್ಕರ್ಧ ಸಾಮಾನಿಗೆ ಒಂದು ಸಹಿಯೂ ಇಲ್ಲವಲ್ಲ, ಏನು ಬೇಜವಾಬ್ದಾರಿ!" ಎಂದರಂತೆ. ಬೇಜವಾಬ್ದಾರಿ ಅಲ್ಲ ಸ್ವಾಮಿ. ಅದು ಭಯ. ನನಗೆ ಈಗ ಆಗಿರುವ ಭಯವೇ, ನಮ್ಮ ಅಜ್ಜ ಅಜ್ಜಿಯರಿಗೆ ಆಗಿದ್ದದ್ದು.

ನನ್ನ ತಾಯಿಯ ತಂದೆಗೆ ದಕ್ಷಿಣ ಕೆರೊಲಿನಾದಲ್ಲಿ ಹೊಳೆದಂಡೆಯ ಜಮೀನಿತ್ತು. ಒಂದು ದಿನ ಸೂಟು ಹಾಕಿದವನೊಬ್ಬ ಬಂದ. ಅಂಗಳದಲ್ಲಿ ನಿಂತು ಟೋಪಿ ತೆಗೆದ. ಬಿಳಿಯನೊಬ್ಬ ತನ್ನ ಮುಂದೆ ಟೋಪಿ ತೆಗೆದದ್ದು ಅಜ್ಜನ ಜನ್ಮದಲ್ಲಿ ಅದೇ ಮೊದಲು. ಗಡಿ ಸರಿಯಾಗಿ ಗುರುತಿಸಲಿಕ್ಕೆ, ನಿಮ್ಮ ಒಳ್ಳೆಯದಕ್ಕೇ, ಈ ಕಾಗದದ ಮೇಲೊಂದು ಗುರುತು ಹಾಕಿ ಎಂದ. ಅಜ್ಜ ಹಾಕಿದ. ಮುಂದಿನ ಬಿತ್ತನೆ ಹೊತ್ತಿಗೆ ಬೇಲಿ ಎದ್ದಿತ್ತು, ಅಜ್ಜ ಬೇಲಿಯ ಹೊರಗಿದ್ದ. ಅಮ್ಮ ಆಗ ಸಣ್ಣ ಹುಡುಗಿ. ಆ ಕಥೆ ಹೇಳುವಾಗಲೆಲ್ಲ ಅವಳು ಜಮೀನಿನ ಮಾತು ಎತ್ತುವುದೇ ಇಲ್ಲ, "ಅವನು ಎಷ್ಟು ಚೆನ್ನಾಗಿ ಮಾತಾಡ್ದ ಗೊತ್ತಾ" ಎನ್ನುತ್ತಾಳೆ. ಹಾರ್ಲೆಮ್‌ನಲ್ಲಿ ಯಾವ ಮನೆಯ ಬಾಗಿಲು ತಟ್ಟಿದರೂ ಇಂಥದೊಂದು ಕಥೆ ಸಿಗುತ್ತದೆ. ಊರು ಬೇರೆ, ಟೋಪಿ ಬೇರೆ, ಬೇಲಿ ಒಂದೇ.

ಅಂಥ ಜನ ಇಲ್ಲಿಗೆ ಬಂದರು. ಇಲ್ಲಿ ರೈಲಿನ ಊಟದ ಬೋಗಿಯಲ್ಲಿ ಮಾಣಿಯಾಗಿದ್ದ ಮಬ್ರಿ ಎಂಬವನು ಎರಡು ಕೋಣೆ ಹಿಡಿದು, ನಮ್ಮ ಕಪ್ಪು ಜನ ಬರೆದದ್ದು, ಹಾಡಿದ್ದು, ಅಚ್ಚು ಹಾಕಿದ್ದು ಎಲ್ಲವನ್ನೂ ಸೇರಿಸತೊಡಗಿದ್ದ. ಜನರ ಮನೆಗಳಲ್ಲಿ ಕೊಡಲು ಬೇಕಾದಷ್ಟಿತ್ತು. ಆದರೆ ಕಾಗದಕ್ಕೆ ಸಹಿ ಹಾಕಿ ಎಂದ ಕೂಡಲೇ ಪೆಟ್ಟಿಗೆ ಎದೆಗವಚಿಕೊಂಡು ಎದ್ದು ಹೋಗುತ್ತಿದ್ದರಂತೆ. ಆಗ ಮಬ್ರಿ ಒಂದು ಪದ್ಧತಿ ಮಾಡಿದ. ಕೊಡುವವರು ವಾಚನಾಲಯದ ನಡುವೆ ಎದ್ದು ನಿಲ್ಲಬೇಕು. ನಾನು ಇಂಥವಳು, ಇದು ಇಂಥದ್ದು, ಇದನ್ನು ಈ ಮನೆಗೆ ಕೊಡುತ್ತಿದ್ದೇನೆ, ಇಲ್ಲೇ ಇರಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಓದುತ್ತ ಕೂತವರು ತಲೆಯೆತ್ತಿ "ಕೇಳಿಸಿಕೊಂಡೆವು" ಎನ್ನಬೇಕು. ಅಷ್ಟಾದರೆ ಮುಗಿಯಿತು. ಚರ್ಚಿನಲ್ಲಿ ಒಬ್ಬರು ಸಾಕ್ಷಿ ಹೇಳಿದಾಗ ಉಳಿದವರು ದನಿಗೂಡಿಸುವುದಿಲ್ಲವೇ, ಹಾಗೆ. ಪೆಟ್ಟಿಗೆಯ ಮೇಲೆ ಕೊಟ್ಟವರ ಹೆಸರು ಬರೆದು ಒಳಗಿಡುತ್ತಿದ್ದರು. ಮಬ್ರಿ ತೀರಿಕೊಂಡ ಮೇಲೂ, ಎರಡು ಕೋಣೆ ಹೋಗಿ ಮೂರು ಅಂತಸ್ತಾದ ಮೇಲೂ, ಇಲ್ಲಿ ಓದಲು ಬಂದವರಿಗೆ ಪುಸ್ತಕ ಕೊಡುವ ಮೊದಲು ಹೇಳಿಕೊಡುತ್ತಿದ್ದದ್ದು ಇದನ್ನೇ: ಯಾರಾದರೂ ಎದ್ದು ನಿಂತರೆ ಪೆನ್ನು ಕೆಳಗಿಡಿ, ಕಿವಿಗೊಡಿ.

ಇದು ತಪ್ಪು ಎಂದು ನಿಮ್ಮ ವಕೀಲರು ಹೇಳಬಹುದು. ತಪ್ಪೇ ಇರಬಹುದು. ಕಾಗದದಿಂದ ಸುಟ್ಟುಕೊಂಡವರು ಕಾಗದವನ್ನೇ ಮುಟ್ಟದೆ ಕಾಗದದ ಮನೆ ಕಟ್ಟಿದರು. ಇಂಥ ತಪ್ಪನ್ನು ನಮ್ಮವರಲ್ಲದೆ ಇನ್ಯಾರು ಮಾಡಿಯಾರು? ಆದರೆ ಆ ತಪ್ಪು ಮಾಡುವಂತೆ ಮಾಡಿದವರು ಯಾರು ಎಂಬ ಪ್ರಶ್ನೆಗೆ ನಾವೀಗ ಸಹಿ ಹಾಕಬೇಕೆನ್ನುವ ನಿಮ್ಮ ದಾನಪತ್ರದ ನಮೂನೆಯಲ್ಲಿ ಜಾಗ ಬಿಟ್ಟಿಲ್ಲ.

ಈಗ ನನ್ನ ಮಾವನ ವಿಷಯ. ಅವನ ಹೆಸರು ಹೋಸಿಯಾ ಸಿಂಗಲ್‌ಟನ್. ಅಮ್ಮನ ಒಬ್ಬನೇ ತಮ್ಮ. ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ, ಮಿಸಿಸಿಪ್ಪಿಯಲ್ಲಿ ನಮ್ಮ ಜನರಿಗೆ ಮತದ ಹಕ್ಕು ಕೊಡಿಸಲು ಹೋದವರ ಜೊತೆ ಅವನೂ ಹೋದ. ಹೊರಡುವ ಮುಂಚಿನ ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಅವನನ್ನು ಬೀಳ್ಕೊಟ್ಟರು. ಚರ್ಚಿನ ಹಿರಿಯರೊಬ್ಬರ ಹತ್ತಿರ ಟೇಪು ಯಂತ್ರ ಇತ್ತು, ಹೊಸದು, ಸಿಕ್ಕಿದ್ದನ್ನೆಲ್ಲ ರೆಕಾರ್ಡು ಮಾಡುವ ಹುಚ್ಚು ಅವರಿಗೆ. ಅದರಲ್ಲಿ ಹೋಸಿಯಾ ಮಾತಾಡಿದ್ದಾನೆ. ದೊಡ್ಡ ಭಾಷಣವೇನಲ್ಲ. ನಡುವೆ ಎರಡು ಸಲ ತಡವರಿಸುತ್ತಾನೆ. ಹಿಂದಿನಿಂದ ಒಂದು ಕೂಸು ಕಿರುಚುತ್ತದೆ, ಅದು ನಾನು. ಆಮೇಲೆ ಒಬ್ಬ ಹೆಂಗಸು "ಸಾಕು ಕೂತ್ಕೊಳ್ಳೋ ಹೋಸಿಯಾ, ಸಿಹಿಗೆಣಸಿನ ಪೈ ಆರಿಹೋಗ್ತಿದೆ" ಎನ್ನುತ್ತಾಳೆ, ಎಲ್ಲರೂ ನಗುತ್ತಾರೆ. ಅವಳು ನನ್ನಮ್ಮ. ಅದಕ್ಕೆ ಅವನು, "ಒಂದು ತುಂಡು ಎತ್ತಿಡಕ್ಕಾ, ಬಂದ್ಮೇಲೆ ತಿಂತೀನಿ" ಎನ್ನುತ್ತಾನೆ. ಟೇಪು ಅಲ್ಲಿಗೆ ಮುಗಿಯುತ್ತದೆ.

ಅವನು ಬರಲಿಲ್ಲ. ಎಲ್ಲಿ, ಯಾರು, ಏನು ಮಾಡಿದರು ಎಂಬುದೂ ಗೊತ್ತಾಗಲಿಲ್ಲ. ಹೂಳಲು ಹೆಣವೂ ಸಿಗಲಿಲ್ಲ. ಅಮ್ಮ ಆ ಟೇಪನ್ನು ತಂದು, ವಾಚನಾಲಯದಲ್ಲಿ ಎದ್ದು ನಿಂತು, ಇದು ನನ್ನ ತಮ್ಮನ ದನಿ, ಈ ಮನೆಗೆ ಕೊಡುತ್ತಿದ್ದೇನೆ ಎಂದಳು. ಕೂತವರು ಕೇಳಿಸಿಕೊಂಡೆವು ಎಂದರು. ಅಂದಿನಿಂದ ಪ್ರತಿ ಗುರುವಾರ ಅವಳು ಅಲ್ಲಿಗೆ ಹೋಗುತ್ತಾಳೆ. ಕೆಲಸಕ್ಕೆ ಹೋಗುತ್ತಿದ್ದಾಗ ಮಧ್ಯಾಹ್ನದ ಊಟ ಬಿಟ್ಟು ಹೋಗುತ್ತಿದ್ದಳು, ಈಗ ಕೈಗೋಲು ಹಿಡಿದು ನನ್ನ ಜೊತೆ ಹೋಗುತ್ತಾಳೆ. ಕಿವಿಗೆ ಆ ದೊಡ್ಡ ಇಯರ್‌ಫೋನು ಹಾಕಿಕೊಂಡು ಕೂರುತ್ತಾಳೆ. ಅಳುವುದಿಲ್ಲ. ಆ ಪೈ ಮಾತು ಬರುವಾಗ ತಾನೂ ತುಟಿ ಅಲ್ಲಾಡಿಸುತ್ತಾಳೆ. ಅವಳಿಗೆ ಈಗ ಎಂಬತ್ತು ದಾಟಿದೆ, ನಿನ್ನೆ ಏನು ತಿಂದೆ ಎಂಬುದು ಮರೆತುಹೋಗುತ್ತದೆ. ಗುರುವಾರ ಮರೆತಿಲ್ಲ.

ಅದರ ನಕಲು ಮಾಡಿಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ನನ್ನನ್ನು ನಾನೇ ಅದನ್ನು ಕೇಳಿಕೊಂಡು ತಲೆ ಚಚ್ಚಿಕೊಂಡಿದ್ದೇನೆ. ನಮ್ಮದೇ ಬಾವಿ ಎಂದುಕೊಂಡವರು ಕೊಡ ತುಂಬಿಡುವುದಿಲ್ಲ. ಕೆಂಪು ಚೀಟಿ ಕಂಡ ಮೇಲೆ ಓಡಿಹೋಗಿ ಕೇಳಿದೆ. ಮಾಲೀಕರ ಅನುಮತಿ ಇಲ್ಲದೆ ನಕಲು ಕೊಡುವಂತಿಲ್ಲ ಎಂದರು. ಫೋನಿನಲ್ಲಿ ಹಿಡಿದುಕೊಳ್ಳೋಣವೆಂದರೆ ಫೋನನ್ನು ಬಾಗಿಲಲ್ಲೇ ತೆಗೆದಿಡುತ್ತೀರಿ. ಅಲ್ಲಿಗೆ ಪ್ರಶ್ನೆ ಬಂದು ನಿಂತದ್ದು ಮಾಲೀಕರ ಹತ್ತಿರ.

ಅಮ್ಮನನ್ನು ಕರೆದುಕೊಂಡು ನಿಮ್ಮ ಕೌಂಟರಿಗೆ ಹೋದೆ. ಅಲ್ಲಿ ಕೂತಿದ್ದ ಹುಡುಗಿ ಒಳ್ಳೆಯವಳು, ಅಮ್ಮನಿಗೆ ಕುರ್ಚಿ ತಂದು ಹಾಕಿದಳು. ದಾನಪತ್ರದ ನಮೂನೆಯನ್ನು ನಮ್ಮ ಮುಂದೆ ತಿರುಗಿಸಿಟ್ಟಳು.

"ಇಲ್ಲಿ ಸಹಿ ಮಾಡಿದ್ರೆ ಎಲ್ಲ ಹಕ್ಕೂ ಆಡಳಿತಕ್ಕೆ ಬರುತ್ತೆ ಮೇಡಂ. ಆಮೇಲೆ ಕೆಂಪು ಚೀಟಿ ತೆಗೀತೀವಿ."

"ಎಲ್ಲ ಹಕ್ಕೂ ಅಂದ್ರೆ?" ಅಮ್ಮ ಕೇಳಿದಳು.

"ಇಟ್ಕೊಳ್ಳೋದು, ಬೇರೆಯವರಿಗೆ ವರ್ಗಾಯಿಸೋದು, ವಿಲೇವಾರಿ ಮಾಡೋದು... ಸುಮ್ನೆ ಕಾನೂನಿನ ಮಾತು. ನಿಮ್ಮ ಒಳ್ಳೇದಕ್ಕೇ."

ನಿಮ್ಮ ಒಳ್ಳೆಯದಕ್ಕೇ! ಪಾಪ, ಆ ಹುಡುಗಿಗೆ ಏನು ಗೊತ್ತು. ಅಮ್ಮ ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆಳೆದು ಕೋಟಿನ ಜೇಬಿನೊಳಗೆ ಹಾಕಿಕೊಂಡಳು.

ನಾನು ಅವಳ ಕಿವಿಯ ಹತ್ತಿರ ಬಾಗಿ, "ಹಾಕಮ್ಮ. ಇಲ್ದಿದ್ರೆ ಒಯ್ದುಬಿಡ್ತಾರೆ" ಎಂದೆ.

"ಹಾಕಿದ್ರೂ ಒಯ್ಯೋಕೇನೇ ಹಾಕಿಸ್ಕೊಳ್ತಿರೋದು, ನೆಟ್ಟಾ. ಇಷ್ಟು ವರ್ಷ ಬಸ್ ಓಡಿಸಿದೀಯ, ದಾರಿ ಗೊತ್ತಾಗಲ್ವಾ ನಿಂಗೆ?"

ಅತ್ತ ದರಿ, ಇತ್ತ ಪುಲಿ. ಆದರೆ ದರಿಗೆ ಬೀಳುವ ಸ್ವಾತಂತ್ರ್ಯವೂ ನಮಗಿರಲಿಲ್ಲ. ಹುಡುಗಿ ಗಂಟಲು ಸರಿಮಾಡಿಕೊಂಡು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟಳು. 'ಧ್ವನಿಯ ಮಾಲೀಕರು ಯಾರು?' ಎಂಬುದು ಆ ಸಾಲು. ಹೋಸಿಯಾ ಸಿಂಗಲ್‌ಟನ್ ಎಂದೆ. ಅವರು ಬರಬಹುದೇ ಎಂದಳು. ತೀರಿಕೊಂಡಿದ್ದಾರೆ ಎಂದೆ. ಹಾಗಾದರೆ ಮರಣ ಪ್ರಮಾಣಪತ್ರ ಬೇಕು, ಅದಿಲ್ಲದೆ ಅಕ್ಕ ವಾರಸುದಾರಳಾಗುವುದಿಲ್ಲ ಎಂದಳು.

ಮಾನ್ಯರೇ, ನಿಮ್ಮ ಕಚೇರಿಗೆ ಧನ್ಯವಾದ. ಅರವತ್ತು ವರ್ಷಗಳಲ್ಲಿ ನಮ್ಮ ಮನೆಗೆ ಬಂದ ಮೊದಲ ಒಳ್ಳೆಯ ಸುದ್ದಿ ಅದು: ಹೋಸಿಯಾ ಅಧಿಕೃತವಾಗಿ ಜೀವಂತವಾಗಿದ್ದಾನೆ! ಹೆಣ ಸಿಗದವನಿಗೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದವನಿಗೆ ಸಾವಿಲ್ಲ. ಕೊಂದವರು ಹೆಣವನ್ನು ಬಚ್ಚಿಟ್ಟು ತಪ್ಪಿಸಿಕೊಂಡರು, ಈಗ ಅದೇ ಕಾರಣಕ್ಕೆ ಅವನ ದನಿಗೂ ವಾರಸುದಾರರಿಲ್ಲ. ಕೋರ್ಟಿಗೆ ಹೋಗಿ, ನನ್ನ ತಮ್ಮ ಸತ್ತಿದ್ದಾನೆಂದು ಘೋಷಿಸಿ ಎಂದು ಅಮ್ಮ ಅರ್ಜಿ ಹಾಕಿದರೆ ಆದೀತಂತೆ. ಹುಡುಗಿ ಅಮ್ಮನ ಕಡೆ ಬಾಗಿ ಅದನ್ನೂ ಹೇಳಿದಳು.

ಅಮ್ಮ ಅವಳನ್ನೇ ನೋಡಿದಳು. "ಅವನು ಸತ್ತ ಅಂತ ನನ್ ಬಾಯಲ್ಲಿ ನಾನು ಯಾವತ್ತೂ ಅಂದಿಲ್ಲ ಮಗಳೇ. ಅವನು ಬರ್ಲಿಲ್ಲ ಅಂತ ಮಾತ್ರ ಹೇಳ್ತೀನಿ. ಇವತ್ತು ಒಂದು ಚೀಟಿ ಕೀಳೋಕೆ ಅದನ್ನ ಬರ್ಕೊಡ್ಲಾ?"

ಹುಡುಗಿ ನಮೂನೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಮ್ಮನಿಗೆ ಕೊಡುವ ಉತ್ತರ ನಿಮಗೆ ತೋಚಿದರೆ ತಿಳಿಸಿ.

ಒಂದು ದನಿಗೆ ಮಾಲೀಕರು ಯಾರು ಎಂದು ನೀವು ಕೇಳುತ್ತೀರಿ. ನಮ್ಮ ಜನರನ್ನು ಈ ಪ್ರಶ್ನೆ ಕೇಳುವಾಗ ಸ್ವಲ್ಪ ನೋಡಿ ಕೇಳಬೇಕಿತ್ತು. ನಮ್ಮ ಮುತ್ತಜ್ಜನ ಮುತ್ತಜ್ಜ ಗುಲಾಮನಾಗಿದ್ದ ಕಾಲದಲ್ಲಿ ನಮ್ಮ ಕೈಗೆ, ಕಾಲಿಗೆ, ಹೊಟ್ಟೆಯಲ್ಲಿದ್ದ ಕೂಸಿಗೆ, ಎಲ್ಲಕ್ಕೂ ಮಾಲೀಕರಿದ್ದರು, ಎಲ್ಲಕ್ಕೂ ಸರಿಯಾದ ಸಹಿ ಮೊಹರಿನ ಕಾಗದವಿತ್ತು. ದನಿಯೊಂದಕ್ಕೇ ಮಾಲೀಕರಿರಲಿಲ್ಲ. ಅದಕ್ಕೇ ಹಾಡಿಕೊಂಡರು. ಈಗ ಅದಕ್ಕೂ ಹುಡುಕುತ್ತಿದ್ದೀರಿ.

ಕೌಂಟರಿನಿಂದ ಎದ್ದ ಅಮ್ಮ ಬಾಗಿಲ ಕಡೆ ಹೋಗಲಿಲ್ಲ. ವಾಚನಾಲಯದೊಳಗೆ ನಡೆದಳು. ನನಗೆ ಅವಳೇನು ಮಾಡುತ್ತಾಳೆ ಎಂದು ಅರ್ಥವಾಗುವಷ್ಟರಲ್ಲಿ ನಡುಮಧ್ಯ ನಿಂತು ಕೈಗೋಲಿನಿಂದ ನೆಲ ಕುಟ್ಟಿದಳು.

"ನಾನು ಆರ್ಡೀಲಿಯಾ. ಹೋಸಿಯಾನ ಅಕ್ಕ. ಅವನ ದನಿ ಈ ಮನೇಲಿದೆ. ಈ ಮನೆಗೆ ಕೊಟ್ಟಿದೀನಿ, ಲಾರಿಗೆ ಕೊಟ್ಟಿಲ್ಲ. ಯಾರಾದ್ರೂ ಕೇಳಿಸ್ಕೊಂಡ್ರಾ?"

ದೂರದೂರಿನಿಂದ ಬಂದ ಸಂಶೋಧಕರು ಏನಾಯಿತೆಂದು ಒಬ್ಬರ ಮುಖ ಒಬ್ಬರು ನೋಡಿದರು. ಪೆನ್ನು ಕೆಳಗಿಡಿ ಎಂದು ಹೇಳಿಕೊಡುವುದನ್ನು ನೀವು ಬಂದ ಮೇಲೆ ನಿಲ್ಲಿಸಿದ್ದೀರಲ್ಲ. ಕಾವಲುಗಾರ ಥರ್ಮನ್ ಓಡಿ ಬಂದ. ಅವನು ನಮ್ಮ ಚರ್ಚಿನ ಹುಡುಗನೇ, ಭಾನುವಾರದ ಶಾಲೆಯಲ್ಲಿ ಅಮ್ಮನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವನು, ಈಗ ನಿಮ್ಮ ಸಮವಸ್ತ್ರ ಹಾಕಿದ್ದಾನೆ.

"ಮದರ್ ಪೆಟಿಗ್ರೂ," ಚರ್ಚಿನಲ್ಲಿ ಎಲ್ಲರೂ ಅಮ್ಮನನ್ನು ಕರೆಯುವುದು ಹಾಗೆಯೇ, "ದಮ್ಮಯ್ಯ ಅಂತೀನಿ, ಕೂತ್ಕೊಳ್ಳಿ. ಮೇಲ್ಗಡೆ ಕ್ಯಾಮೆರಾದಲ್ಲಿ ನೋಡ್ತಾ ಇದಾರೆ."

"ನೋಡ್ಲಿ ಬಿಡು ಮಗಾ. ಚರ್ಚಿಗೆ ಹಾಕೋ ಹ್ಯಾಟನ್ನೇ ಹಾಕ್ಕೊಂಡ್ ಬಂದಿದೀನಿ."

ಕಿಟಕಿಯ ಪಕ್ಕ ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ನಕ್ಕುಬಿಟ್ಟರು. ಆಮೇಲೆ ಕನ್ನಡಕ ತೆಗೆದು "ಕೇಳಿಸ್ಕೊಂಡೆ ತಾಯಿ" ಎಂದರು. ಹಿಂದಿನಿಂದ ಇನ್ನೊಂದು ದನಿ ಬಂತು. ಇನ್ನೂ ಒಂದೆರಡು ಬಂದವು. ನಾನೂ ಕೇಳಿಸಿಕೊಂಡೆ ಎಂದೆ. ನನಗೇ ಕೇಳಿಸದಷ್ಟು ಸಣ್ಣಗೆ. ಅಷ್ಟೇ ಮಾನ್ಯರೇ ಆಗಿದ್ದು. ಒಂದು ಪುಸ್ತಕ ಕೆಳಗೆ ಬೀಳಲಿಲ್ಲ. ಒಬ್ಬರೂ ಕೂಗಲಿಲ್ಲ.

ಎರಡನೆಯ ಬಿಳಿ ಲಕೋಟೆ ಅದರ ಬೆನ್ನಿಗೇ ಬಂತು. 'ಓದುಗರ ಶಾಂತಿಗೆ ಭಂಗ ತಂದ' ಕಾರಣ ಆರ್ಡೀಲಿಯಾ ಪೆಟಿಗ್ರೂ ಹಾಗೂ ಅವರಿಗೆ ದನಿಗೂಡಿಸಿದವರಿಗೆ ಮುಂದಿನ ಆದೇಶದವರೆಗೆ ಪ್ರವೇಶವಿಲ್ಲ. ಮೀರಿದರೆ ಪೊಲೀಸರಿಗೆ ತಿಳಿಸಲಾಗುವುದು. ವಂದನೆಗಳೊಂದಿಗೆ, ತಮ್ಮ ವಿಶ್ವಾಸಿ.

ಭಯ ಎಂದೆನಲ್ಲ, ಅದು ಇಲ್ಲಿ ಶುರುವಾಗುತ್ತದೆ. ಪೊಲೀಸರಿಗೆ ತಿಳಿಸಲಾಗುವುದು ಎಂಬ ಮಾತನ್ನು ನೀವು ಕೆಳಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ ಹಾಕಿದ್ದೀರಿ, ಬಹುಶಃ ಎಲ್ಲ ಕಾಗದದಲ್ಲೂ ಅಚ್ಚಾಗಿಯೇ ಬರುತ್ತದೇನೋ. ನಮ್ಮ ಬೀದಿಯಲ್ಲಿ ಅದನ್ನು ಯಾರೂ ಸಣ್ಣ ಅಕ್ಷರ ಎಂದು ಓದುವುದಿಲ್ಲ. ಅಮ್ಮನಿಗೆ ಕಿವಿ ಮಂದ, ಹತ್ತಿರ ಬಂದು ಹೇಳಿದರಷ್ಟೇ ಕೇಳಿಸುತ್ತದೆ. ದೂರದಿಂದ ನಿಲ್ಲು ಎಂದರೆ ಕೇಳಿಸುವುದಿಲ್ಲ, ಕೈ ಮೇಲೆತ್ತು ಎಂದರೆ ಕೇಳಿಸುವುದಿಲ್ಲ. ಅವಳಿಗೊಂದು ಅಭ್ಯಾಸವಿದೆ. ಯಾರಾದರೂ ಗದರಿದರೆ, ಪಾಪ ಯಾವುದೋ ತಲೆಬಿಸಿಯಲ್ಲಿದ್ದಾರೆ ಎಂದು ಕೈಚೀಲದೊಳಗೆ ಕೈ ಹಾಕುತ್ತಾಳೆ, ಒಂದು ಪೆಪ್ಪರಮೆಂಟು ತೆಗೆದು ಕೊಡಲು. ಗಾಬರಿಬಿದ್ದ ಹೊಸ ಪೊಲೀಸು ಹುಡುಗನ ಮುಂದೆ ನಮ್ಮ ಬಣ್ಣದವರು ಕೈಚೀಲದೊಳಗೆ ಕೈ ಹಾಕಿದರೆ ಏನಾಗಬಹುದು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕೇ? ನಾನು ಕಣ್ಣು ಮುಚ್ಚಿದರೆ ಆ ಕೈ ಚೀಲದೊಳಗೆ ಹೋಗುವುದೇ ಕಾಣುತ್ತದೆ. ಪೆಪ್ಪರಮೆಂಟುಗಳನ್ನು ತೆಗೆದು ಬಚ್ಚಿಟ್ಟೆ. ಅವಳು ಇನ್ನೊಂದು ಪೊಟ್ಟಣ ತರಿಸಿಕೊಂಡಳು.

ಯಾಕೆ ಹೀಗೆ ಹೆದರುತ್ತೀ, ಮನೆಯಲ್ಲಿ ಇಟ್ಟುಕೋ ಎನ್ನುತ್ತೀರಾ? ಮೊನ್ನೆ ಗುರುವಾರ ಮನೆಯಲ್ಲೇ ಇಟ್ಟುಕೊಂಡೆ. ಮಳೆ, ಬಸ್ಸಿಲ್ಲ ಎಂದು ಸುಳ್ಳು ಹೇಳಿದೆ. ಬಸ್ಸು ಓಡಿಸಿದವಳ ಮನೆಯಲ್ಲಿ ಬಸ್ಸಿಲ್ಲವೆಂಬ ಸುಳ್ಳು ಎಷ್ಟು ಹೊತ್ತು ನಿಂತೀತು! ಕೋಟು ಹಾಕಿಕೊಂಡು ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಳು, ಸಂಜೆ ದೀಪ ಹಾಕುವವರೆಗೂ ಕೂತಳು. ಆಮೇಲೆ ಕೋಟು ಬಿಚ್ಚುತ್ತ, ಕೂಗಾಡದೆ, ತಣ್ಣಗೆ ಹೇಳಿದಳು: "ಸೋಮವಾರ ಲಾರಿ ಬರೋ ಹೊತ್ತಿಗೆ ನಾನು ಆ ಮೆಟ್ಟಿಲ ಮೇಲಿರ್ತೀನಿ. ಅವನು ಹೋದಾಗ ರೈಲ್ವೆ ಸ್ಟೇಷನ್ನಿಗೆ ಹೋಗ್ಲಿಲ್ಲ ನಾನು. ನೀನು ಅಳ್ತಿದ್ದೆ, ಚಳಿಜ್ವರ ಬಂದಿತ್ತು ನಿಂಗೆ. ಈ ಸಲ ಹೋಗ್ತೀನಿ."

ನಾನು ಗೋಗರೆದೆ. ಬಯ್ದೆ. ಬಾಗಿಲಿಗೆ ಬೀಗ ಹಾಕ್ತೀನಿ ಎಂದೆ. "ಹಾಕು. ಕಿಟಕಿ ತೆಗೆದು ಇಡೀ ಬೀದಿ ಸೇರೋ ಹಾಗೆ ಕೂಗ್ತೀನಿ, ನನ್ ಮಗಳು ನನ್ನ ಕೂಡಿಹಾಕಿದಾಳೆ ಅಂತ" ಎಂದಳು. ಕೂಗುವವಳೇ.

ಉಗ್ರಾಣದ ಮಾತಿಗೂ ಒಂದು ಉತ್ತರ ಕೊಟ್ಟುಬಿಡುತ್ತೇನೆ, ತಾತ್ಕಾಲಿಕ ಎಂದಿದ್ದೀರಲ್ಲ. ನಾನು ಓದಿದ ಶಾಲೆಯನ್ನು ಮುಚ್ಚಿದಾಗ ಅದರ ಫೋಟೋಗಳು, ಆಟದಲ್ಲಿ ಗೆದ್ದ ಕಪ್ಪುಗಳು, ಗಾಯಕರ ತಂಡದ ನಿಲುವಂಗಿಗಳು ಎಲ್ಲವೂ ಹೀಗೇ ತಾತ್ಕಾಲಿಕವಾಗಿ ಹೋದವು. ಕೇಳಲು ಹೋದವರಿಗೆ ಉಗ್ರಾಣದವರು ಬೇರೆ ಕಂಪನಿ ಎಂದರು, ಆ ಕಂಪನಿಯವರು ನಮ್ಮಲ್ಲಿ ಅಂಥದ್ದೇನೂ ಬಂದಿಲ್ಲ ಎಂದರು. ಕದ್ದರು ಎನ್ನುವುದಿಲ್ಲ. ಯಾರೂ ಕದಿಯಲಿಲ್ಲ, ಯಾರೂ ಸುಡಲಿಲ್ಲ, ಆದರೂ ಇಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆ. ಕೆಟ್ಟವರು ಬಂದು ಕಿತ್ತುಕೊಂಡರೆ ಮುಖ ನೆನಪಿರುತ್ತದೆ, ಬಯ್ಯಬಹುದು. ನಿಮ್ಮಂಥ ಒಳ್ಳೆಯವರು ಜೋಪಾನ ಮಾಡುತ್ತೇವೆಂದು ಒಯ್ದರೆ ಯಾರ ಹೆಸರು ಹಿಡಿದು ಅಳುವುದು? ಹೋಸಿಯಾನ ಮೈ ಎಲ್ಲಿದೆ ಎಂದು ನಮಗೆ ಗೊತ್ತಿಲ್ಲ. ದನಿ ಎಲ್ಲಿದೆ ಎಂಬುದಾದರೂ ಗೊತ್ತಿತ್ತು. ಎರಡನೆಯ ಅಂತಸ್ತು, ಕಿಟಕಿಯ ಪಕ್ಕದ ಕಪಾಟು. ಅಮ್ಮನಿಗೆ ಅವನ ಗೋರಿ ಎಂದರೆ ಅದೇ.

ಈ ಪತ್ರವನ್ನು ಪತ್ರಿಕೆಗೆ ಕೊಡುತ್ತೇನೆಂದಾಗ ನನ್ನ ಜೊತೆ ಬಸ್ಸು ಓಡಿಸುತ್ತಿದ್ದ ಜರ್ಲೀನ್ ಹೌಹಾರಿದಳು. "ಲೇ ನೆಟ್ಟಾ, ತಲೆ ಕೆಟ್ಟಿದೆಯಾ? ಹೆಸರು ಗಿಸರು ಹಾಕ್ಬೇಡ. ಹಾರ್ಲೆಮ್‌ನ ಒಬ್ಬ ನಾಗರಿಕಳು ಅಂತ ಹಾಕು, ಸಾಕು. ನಾಳೆ ಕೇಸು ಗೀಸು ಅಂತ ಬಂದ್ರೆ ನಿನ್ನ ಜೊತೆ ಕೋರ್ಟಿಗೆ ಬರೋಳು ನಾನೇ ತಾನೆ? ನನ್ ಮಂಡಿ ಬೇರೆ ನೋಯ್ತಿದೆ." ಅವಳು ಹೇಳುವುದು ಸುಳ್ಳಲ್ಲ. ಹಾಗೇ ಹಾಕೋಣವೆಂದುಕೊಂಡೆ.

ಹಾಗಾದರೆ ನನ್ನ ಬೇಡಿಕೆ ಏನು? ಲಾರಿಯನ್ನು ತಡೆಯಿರಿ. ಮಾಡು ರಿಪೇರಿ ಮಾಡಿ, ಬೇಕಾದರೆ ಆ ಕಪಾಟುಗಳನ್ನು ಅದೇ ಕಟ್ಟಡದಲ್ಲಿ ಒಣಗಿದ ಕಡೆ ಸರಿಸಿ, ಎತ್ತಿಡಲು ಕೈ ಬೇಕಿದ್ದರೆ ಚರ್ಚಿನಿಂದ ಕರೆತರುತ್ತೇವೆ. ಎದ್ದು ನಿಂತು ಕೊಟ್ಟದ್ದೂ ಕೊಟ್ಟದ್ದೇ ಎಂದು ನಿಮ್ಮ ಹೊಸ ನಿಯಮದಲ್ಲಿ ಬರೆಯಿರಿ. ನಮ್ಮ ಮೇಲಿನ ನಿಷೇಧ ತೆಗೆಯಿರಿ. ಇವನ್ನೆಲ್ಲ ಮಾಡಲು ಸಮಿತಿ ಕೂರಬೇಕು, ಸಮಯ ಬೇಕು ಎನ್ನುತ್ತೀರಾದರೆ ಸಮಯ ತೆಗೆದುಕೊಳ್ಳಿ. ಆದರೆ ಸೋಮವಾರ ಆ ಮೆಟ್ಟಿಲ ಹತ್ತಿರ ಪೊಲೀಸರನ್ನು ಕರೆಸಬೇಡಿ. ಕೈಮುಗಿದು ಕೇಳುತ್ತೇನೆ. ನನ್ನಮ್ಮ ಅಲ್ಲಿರುತ್ತಾಳೆ, ನಾನು ಅವಳ ಕೈ ಹಿಡಿದುಕೊಂಡಿರುತ್ತೇನೆ, ಆ ಕೈ ಚೀಲದೊಳಗೆ ಹೋಗದ ಹಾಗೆ.

ಇಲ್ಲಿಯವರೆಗೆ ಬರೆದು, ಅಡುಗೆಮನೆಯಲ್ಲಿ ಕೂತು, ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪೆಪ್ಪರಮೆಂಟಿನ ಮಾತು ಬಂದಾಗ "ಕಳ್ಳಿ, ನೀನಾ ಬಚ್ಚಿಟ್ಟಿದ್ದು?" ಎಂದಳು. ಉಳಿದದ್ದನ್ನು ಸುಮ್ಮನೆ ಕೇಳಿದಳು. ಮುಗಿದ ಮೇಲೆ ಕಾಗದವನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುವಿ ನೋಡಿದಳು. ಆಮೇಲೆ ಕೇಳಿದಳು:

"ಈ ಕಾಗದದಲ್ಲಿ ನಾವು ಅವರಿಗೆ ಏನಾದ್ರೂ ಕೊಡ್ತಾ ಇದೀವಾ?"

"ಇಲ್ಲಮ್ಮ. ಕೇಳ್ತಾ ಇದೀವಿ ಅಷ್ಟೇ."

"ಹಕ್ಕು ಗಿಕ್ಕು ಏನೂ ಹೋಗಲ್ವಲ್ಲ?"

"ಇಲ್ಲ."

"ನಿಜ ಹೇಳು."

"ಆಣೆಗೂ ಇಲ್ಲಮ್ಮ."

"ಹಾಗಾದ್ರೆ ಪೆನ್ನು ಕೊಡು."

ಇಂತಿ,

ಆರ್ಡೀಲಿಯಾ ಸಿಂಗಲ್‌ಟನ್ ಪೆಟಿಗ್ರೂ
(ಸ್ವಂತ ಕೈಯಿಂದ. ಅಕ್ಷರ ನಡುಗಿರುವುದು ವಯಸ್ಸಿನಿಂದ.)

ವರ್ನೆಟ್ಟಾ ಪೆಟಿಗ್ರೂ
(ಅಕ್ಷರ ನಡುಗಿರುವುದು ವಯಸ್ಸಿನಿಂದಲ್ಲ.)